ನಾಗನ ಕಲ್ಲು ಮಾಡುತ್ತಿದ್ದ ಆಚಾರ್ರು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಡ್ಜರು, ಚಲನ್, ಮೊಹರು – ಇಷ್ಟರಲ್ಲೇ ನೌಕರಿ ಕಳೆಯಿತು. ಸಂಜೆ ಲೆಕ್ಕ ತಾಳೆಯಾದರೆ ಮನೆಗೆ, ಇಲ್ಲವಾದರೆ ಹತ್ತು ಪೈಸೆ ವ್ಯತ್ಯಾಸಕ್ಕಾಗಿ ರಾತ್ರಿ ಎಂಟರವರೆಗೆ ಹುಡುಕಾಟ. ಹಾಗಿದ್ದೂ ‘ಅಷ್ಟು ವರ್ಷದಲ್ಲಿ ಕಲಿತದ್ದೇನು?’ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಬ್ಯಾಂಕಿನ ಒಳಗೆ ಕಲಿತದ್ದಲ್ಲ. ನನ್ನ ಬಾಡಿಗೆ ಮನೆಯ ಬೇಲಿಯಾಚೆ ಕುಳಿತು ಕಲ್ಲು ಕೆತ್ತುತ್ತಿದ್ದ ಒಬ್ಬರ ಅಂಗಳದಲ್ಲಿ ಕಲಿತದ್ದು.

1979ರಲ್ಲಿ ನನ್ನನ್ನು ಕಾರ್ಕಳ ತಾಲ್ಲೂಕಿನ ಒಂದು ಹಳ್ಳಿಯ ಶಾಖೆಗೆ ವರ್ಗ ಮಾಡಿದರು. ಆಗಿನ್ನೂ ಉಡುಪಿ ಜಿಲ್ಲೆ ಆಗಿರಲಿಲ್ಲ. ಎಲ್ಲವೂ ದಕ್ಷಿಣ ಕನ್ನಡವೇ. ನಾನು ತುಮಕೂರಿನ ಬಯಲುಸೀಮೆಯವನು. ವರ್ಷದಲ್ಲಿ ನಾಲ್ಕು ಹದ ಮಳೆ ಬಂದರೆ ಹಬ್ಬ ಮಾಡುವ ಕಡೆಯಿಂದ ಬಂದವನಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲದ ಮಳೆ ನೋಡಿ ಗಾಬರಿಯಾಯಿತು. ಊರಿಗೆಲ್ಲ ತುಳು. ನನ್ನ ಹೆಂಡತಿ ಅಂಗಡಿಗೆ ಹೋದರೆ ಬೆರಳು ತೋರಿಸಿ ಸಾಮಾನು ತರುತ್ತಿದ್ದಳು.

ಹೋದ ಮೊದಲ ಬೆಳಿಗ್ಗೆಯೇ ಆ ಸದ್ದು ಕೇಳಿಸಿತು. ಟಿಣ್, ಟಿಣ್, ಟಿಣ್. ನಡುವೆ ಒಂದು ನಿಮಿಷ ಮೌನ. ಮತ್ತೆ ಟಿಣ್, ಟಿಣ್. ಹೊರಗೆ ಬಂದು ನೋಡಿದರೆ ಮಡಲಿನ ಚಪ್ಪರದ ಕೆಳಗೆ ಐವತ್ತು ದಾಟಿದ ಒಬ್ಬರು ತಗ್ಗು ಮಣೆಯ ಮೇಲೆ ಕುಳಿತು ಕಡೆಯುವ ಕಲ್ಲಿನ ಗುಳಿ ತೋಡುತ್ತಿದ್ದರು. ತಲೆಗೆ ಬೈರಾಸು ಸುತ್ತಿತ್ತು. ಹುಬ್ಬು, ರೆಪ್ಪೆಗಳ ಮೇಲೆಲ್ಲ ಬೂದು ಹುಡಿ. ಊರವರು ಅವರನ್ನು ಕರೆಯುತ್ತಿದ್ದುದು ‘ಆಚಾರ್ರು’ ಎಂದು. ನಾವೂ ಹಾಗೆಯೇ ಕರೆದೆವು. ಅವರು ನನ್ನನ್ನು ಕೊನೆಯವರೆಗೂ ‘ಬ್ಯಾಂಕಿನವರೇ’ ಎಂದೇ ಕರೆದರು.

ಅವರು ದೊಡ್ಡ ದೇವಸ್ಥಾನಗಳ ಶಿಲ್ಪಿಯಲ್ಲ. ಕಡೆಯುವ ಕಲ್ಲು, ದನಗಳು ನೀರು ಕುಡಿಯುವ ಮರಿಗೆ, ತುಳಸಿಕಟ್ಟೆಯ ಕಲ್ಲು, ನಾಗನ ಕಲ್ಲು – ಇವು ಅವರ ಕೆಲಸ. ಕಾರ್ಕಳವೆಂದರೆ ಗೊಮ್ಮಟನ ಊರು. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ ಅಲ್ಲಿನ ಬಂಡೆಯ ಮೇಲೆ ಇಂದಿಗೂ ಮಳೆಯಲ್ಲಿ ನೆನೆಯುತ್ತ ನಿಂತಿದ್ದಾನೆ. ನಮ್ಮ ಕಾಲದಲ್ಲೇ ರೆಂಜಾಳ ಗೋಪಾಲ ಶೆಣೈಯವರು ಧರ್ಮಸ್ಥಳಕ್ಕೆಂದು 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲೇ ಒಂದೇ ಕಲ್ಲಿನಲ್ಲಿ ಕೆತ್ತಿದರು. 1973ರಲ್ಲಿ ಅದನ್ನು ಸಾಗಿಸುವಾಗ ಆಚಾರ್ರೂ ರಸ್ತೆ ಬದಿಯಲ್ಲಿ ನಿಂತು ನೋಡಿದ್ದರಂತೆ.

“ನಿಮಗೂ ಅಂಥದ್ದು ಮಾಡಬೇಕು ಅಂತ ಆಸೆ ಆಗಲಿಲ್ಲವೇ?” ಎಂದು ಕೇಳಿದ್ದೆ.

“ಅಷ್ಟು ದೊಡ್ಡದು ಮಾಡುವವರು ಊರಿಗೆ ಒಬ್ಬರು ಸಾಕು ಮಾರಾಯ್ರೆ. ಮನೆಮನೆಗೆ ಕಡೆಯುವ ಕಲ್ಲು ಮಾಡ್ಲಿಕ್ಕೂ ಜನ ಬೇಕಲ್ಲ? ಇಲ್ಲದಿದ್ರೆ ದೋಸೆ ಎಲ್ಲಿಂದ?” ಎಂದು ನಕ್ಕರು.

ನಾನು ಅಂಕಿಗಳನ್ನು ಪರೀಕ್ಷೆ ಮಾಡುವವನು, ಅವರು ಕಲ್ಲನ್ನು ಪರೀಕ್ಷೆ ಮಾಡುವವರು. ಹೊಸ ಕಲ್ಲು ಬಂದರೆ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದರು. ಗಂಟೆಯ ಹಾಗೆ ನಾದ ಬಂದರೆ ಒಳಗೆ ಗಟ್ಟಿ. ಒಡಕು ಮಡಕೆಯ ಹಾಗೆ ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ. ಆಮೇಲೆ ಕೊಡಪಾನ ನೀರು ಸುರಿದು ಬಿಸಿಲಿಗೆ ಬಿಡುತ್ತಿದ್ದರು. ಮೇಲ್ಮೈಯೆಲ್ಲ ಒಣಗಿದ ಮೇಲೂ ಒಂದು ಎಳೆ ಒದ್ದೆಯಾಗಿಯೇ ಉಳಿದರೆ ಅಲ್ಲಿ ಕಣ್ಣಿಗೆ ಕಾಣದ ಸೀಳು ಇದೆ ಎಂದು ಅರ್ಥ. ಅಂಥ ಕಲ್ಲು ಬಟ್ಟೆ ಒಗೆಯಲು ಹೋಗುತ್ತಿತ್ತು, ನಾಗನಾಗುತ್ತಿರಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಸಾಲ ಕೊಡುವ ಮೊದಲು ಇಂಥದ್ದೊಂದು ನೀರಿನ ಪರೀಕ್ಷೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕುಳಿತುಕೊಳ್ಳುವುದರಲ್ಲೂ ಅವರಿಗೊಂದು ಕ್ರಮವಿತ್ತು. ಕರಾವಳಿಯಲ್ಲಿ ಒಣ ತಿಂಗಳುಗಳಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತಿರುಗಿ ಸಮುದ್ರದ ಕಡೆಯಿಂದ ಬೀಸುತ್ತದೆ. ಗಾಳಿ ತಿರುಗಿದಂತೆ ಅವರ ಮಣೆಯೂ ತಿರುಗುತ್ತಿತ್ತು. ಕೆತ್ತಿದ ಹುಡಿ ಮುಖಕ್ಕೆ ಬರಬಾರದೆಂದು ಗಾಳಿಗೆ ಬೆನ್ನು. ಮೇಲ್ಮೈಯ ಏರುತಗ್ಗು ಕಾಣಲೆಂದು ಬಿಸಿಲಿಗೆ ಕಲ್ಲನ್ನು ಓರೆಯಾಗಿ ಇಡುವುದು. ನಡುಮಧ್ಯಾಹ್ನದ ಬಿಸಿಲಲ್ಲಿ ಕಲ್ಲಿನ ಮುಖ ಸಪ್ಪೆಯಾಗಿ ಕಾಣುತ್ತದೆ. ಎಳೆ ಬಿಸಿಲಲ್ಲಿ ಸಾಸಿವೆಯಷ್ಟು ಉಬ್ಬಿದ್ದರೂ ಅದಕ್ಕೊಂದು ನೆರಳು ಬೀಳುತ್ತದೆ. ಅದಕ್ಕೇ ನಯದ ಕೆಲಸ ಬೆಳಿಗ್ಗೆ, ಒರಟು ಕೆಲಸ ಮಧ್ಯಾಹ್ನ. ಸಂಜೆ ಉಳಿಗಳ ಸರದಿ. ಇದ್ದಲ ಬೆಂಕಿಯಲ್ಲಿ ತಿದಿ ಒತ್ತಿ ಮೊಂಡಾದ ತುದಿಗಳನ್ನು ಕೆಂಪಗೆ ಕಾಯಿಸಿ, ಬಡಿದು, ಬಣ್ಣ ನೋಡಿ ನೀರಿಗೆ ಅದ್ದುತ್ತಿದ್ದರು. ಚುಂಯ್ ಎನ್ನುವ ಆ ಸದ್ದಿಗೆ ಊರಿನ ಮಕ್ಕಳೆಲ್ಲ ಬೇಲಿ ಹತ್ತಿರ ಬಂದು ನಿಲ್ಲುತ್ತಿದ್ದರು.

ಮಕ್ಕಳಲ್ಲಿ ಒಬ್ಬ ಶಾಲೆಯಲ್ಲಿ ಜಕಣಾಚಾರಿಯ ಕಥೆ ಕೇಳಿ ಬಂದಿದ್ದ. ಬೇಲೂರಿನ ವಿಗ್ರಹದ ಹೊಕ್ಕುಳಿನ ಬಳಿ ಕಲ್ಲಿನೊಳಗೆ ಕಪ್ಪೆ ಸಿಕ್ಕಿತೆಂಬ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಕಪ್ಪೆ ಚೆನ್ನಿಗರಾಯ ಎಂಬ ಹೆಸರು ಈಗಲೂ ಅಲ್ಲಿದೆ. “ನಿಮಗೆ ಕಲ್ಲಿನ ಒಳಗೆ ಕಪ್ಪೆ ಸಿಕ್ಕಿದೆಯಾ?” ಎಂದು ಹುಡುಗ ಕೇಳಿದ.

“ಒಳಗೆ ಇದುವರೆಗೆ ಸಿಕ್ಕಲಿಲ್ಲ ಮಗಾ. ಅಡಿಯಲ್ಲಿ ದಿನಾ ಸಿಗ್ತದೆ” ಎಂದು ಆಚಾರ್ರು ಪಕ್ಕದ ಕಲ್ಲನ್ನು ಹಾರೆಯಿಂದ ಮೀಟಿ ಎತ್ತಿದರು. ಒಂದು ದಪ್ಪ ಕಪ್ಪೆ ಕಣ್ಣು ಬಿಟ್ಟುಕೊಂಡು ಕುಳಿತಿತ್ತು. “ನೋಡಿ ಆಯ್ತಲ್ಲ? ಅದರ ಮನೆ ಅದಕ್ಕೆ” ಎಂದು ಕಲ್ಲನ್ನು ಇದ್ದ ಹಾಗೇ ಇಳಿಸಿದರು.

ಆಚಾರ್ರು ನಮ್ಮ ಶಾಖೆಯ ಸಾಲಗಾರರೂ ಹೌದು. 1972ರಿಂದ ಬಡವರಿಗೆ ಶೇಕಡಾ 4ರ ಬಡ್ಡಿಯಲ್ಲಿ ಸಣ್ಣ ಸಾಲ ಕೊಡುವ ಯೋಜನೆಯೊಂದು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಇತ್ತು. ಅದರಲ್ಲಿ ಅವರಿಗೆ 1,500 ರೂಪಾಯಿ ಕೊಟ್ಟಿದ್ದೆವು. ‘ಉದ್ದೇಶ’ ಎಂಬ ಕಡೆ ‘ಕಲ್ಲು, ಉಳಿ, ಇದ್ದಲು’ ಎಂದು ನನ್ನ ಕೈಯಾರೆ ಬರೆದದ್ದು ನೆನಪಿದೆ. ತಿಂಗಳಿಗೆ 50 ರೂಪಾಯಿ ಕಂತು. ಪ್ರತಿ ತಿಂಗಳು ಐದನೇ ತಾರೀಕಿನ ಒಳಗೆ ತೊಳೆದ ಅಂಗಿ ಹಾಕಿಕೊಂಡು ಬಂದು ಕಟ್ಟುತ್ತಿದ್ದರು.

ಒಂದು ತಿಂಗಳು ಮಾತ್ರ ಬರಲಿಲ್ಲ. ಹದಿನೈದು ದಾಟಿತು. ಪಕ್ಕದ ಮನೆಯವನಾದ್ದರಿಂದ ಕೇಳುವುದು ನನ್ನ ಪಾಲಿಗೇ ಬಂತು. ಸಂಜೆ ಹೋದಾಗ ಆಚಾರ್ರು ಚಪ್ಪರದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಮುಕ್ಕಾಲು ಪಾಲು ಮುಗಿದ ನಾಗನ ಕಲ್ಲು. ಹೆಡೆಯ ಕೆಳಗಿನ ಮಡಿಕೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಒದ್ದೆ ಮಣ್ಣನ್ನು ಉಂಡೆ ಉಂಡೆಯಾಗಿ ತಂದು, ಮರಿಗೆ ಆಹಾರವಾಗಲೆಂದು ಹುಳುಗಳನ್ನು ಕುಟುಕಿ ಒಳಗೆ ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚಿ ಹೋಗಿತ್ತು.

“ಇದರ ಮರಿ ಹಾರಿ ಹೋಗದೆ ನಾನು ಉಳಿ ಮುಟ್ಟಿಸುವುದು ಹೇಗೆ ಬ್ಯಾಂಕಿನವರೇ? ಕಲ್ಲು ಮುಗಿಯದೆ ದುಡ್ಡು ಬರುವುದಿಲ್ಲ. ದುಡ್ಡು ಬರದೆ ಕಂತು ಕಟ್ಟಲಿಕ್ಕೆ ಆಗುವುದಿಲ್ಲ.”

ಮ್ಯಾನೇಜರರಿಗೆ ಏನೆಂದು ಹೇಳಲಿ? ಹೇಳಿದೆ: “ಸರ್, ಬಾಣಂತನದ ಕಾರಣ ಸ್ವಲ್ಪ ತಡವಾಗುತ್ತದಂತೆ.” ಸುಳ್ಳೇನಲ್ಲವಲ್ಲ! ಗೂಡಿಗೆ ಒಂದು ದುಂಡು ತೂತು ಬಿದ್ದ ಮರುದಿನ ಟಿಣ್ ಟಿಣ್ ಸದ್ದು ಮೊದಲಾಯಿತು. ಮುಂದಿನ ತಿಂಗಳು ಎರಡು ಕಂತು ಒಟ್ಟಿಗೆ ಬಂತು.

ನಾಗನ ಕಲ್ಲು ಕೆತ್ತುವವರಿಗೆ ಹಾವಿನ ಪರಿಚಯ ಇರಲೇಬೇಕಲ್ಲ. ಅವರ ಕಲ್ಲಿನಲ್ಲಿ ಹೆಡೆಯ ಮುಂಭಾಗಕ್ಕೆ ಅಗಲವಾದ ಅಡ್ಡಪಟ್ಟಿಗಳಿರುತ್ತಿದ್ದವು. ಕನ್ನಡಕದ ಗುರುತು ಎಲ್ಲಿ ಎಂದು ನಾನು ಕೇಳಿದೆ. “ಅದು ಹೆಡೆಯ ಬೆನ್ನಿಗಲ್ವಾ ಇರುವುದು! ನಾಗ ನಮಗೆ ಮುಖ ಮಾಡಿ ನಿಂತರೆ ಕಾಣುವುದು ಹೊಟ್ಟೆಯ ಪಟ್ಟಿ” ಎಂದರು. ಆಮೇಲೆ ಚಿತ್ರಗಳಲ್ಲಿ ನೋಡಿದೆ. ಅವರು ಹೇಳಿದಂತೆಯೇ ಇತ್ತು. ಹಾವು ಹುತ್ತ ಕಟ್ಟುವುದಿಲ್ಲ, ಗೆದ್ದಲು ಕಟ್ಟಿದ್ದರಲ್ಲಿ ಹೋಗಿ ಸೇರುತ್ತದೆ. ಹಾಲು ಅದರ ಆಹಾರವಲ್ಲ, ಇಲಿ ಕಪ್ಪೆಗಳೇ ಆಹಾರ – ಇವನ್ನೆಲ್ಲ ಪುಸ್ತಕ ಓದದ ಅವರು ಅಂಗಳದಲ್ಲಿ ಕುಳಿತೇ ತಿಳಿದಿದ್ದರು. ಕಲ್ಲುಗಳ ಸಂದಿಯಲ್ಲಿ ಹಾವು ಕಂಡರೆ ಉಳಿ ಕೆಳಗಿಟ್ಟು ದೂರ ಹೋಗಿ ನಿಲ್ಲುತ್ತಿದ್ದರು. ಮಕ್ಕಳನ್ನೂ ದೂರ ನಿಲ್ಲಿಸುತ್ತಿದ್ದರು. “ಕೈ ಮುಗಿಯುವುದಿದ್ದರೆ ಅಲ್ಲಿಂದಲೇ ಮುಗಿಯಿರಿ. ಹತ್ತಿರ ಹೋಗ್ಬೇಡಿ. ಅದಕ್ಕೆ ನಮ್ಮ ಭಕ್ತಿ ಗೊತ್ತಾಗುವುದಿಲ್ಲ.”

ಆ ಊರಿನಲ್ಲಿ ಹಳೆಯ ಮನೆತನಗಳಿಗೆಲ್ಲ ಒಂದೊಂದು ನಾಗಬನ. ಜಮೀನಿನ ಮೂಲೆಯಲ್ಲಿ ಐದೋ ಹತ್ತೋ ಸೆಂಟ್ಸ್ ಜಾಗ. ಅಲ್ಲಿ ಕತ್ತಿ ಆಡಿಸುವಂತಿಲ್ಲ, ಸೌದೆ ತರುವಂತಿಲ್ಲ. ಸುರಗಿ, ರೆಂಜೆ, ಹಾಲೆ ಮರಗಳು ತಲೆಗೆ ತಲೆ ತಾಗಿ, ಬಳ್ಳಿಗಳು ಹೆಣೆದು ಹಗಲೇ ಕತ್ತಲೆ. ನಡುವೆ ಪಾಚಿ ಹಿಡಿದ ನಾಲ್ಕಾರು ನಾಗನ ಕಲ್ಲು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುವುದು ಅಲ್ಲಿನ ಪದ್ಧತಿ. ತೊಗಟೆಯನ್ನು ಕತ್ತಿಯಿಂದ ತೆಗೆಯುವುದಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ಆ ಕಷಾಯದ ಕಹಿ ನನ್ನ ನಾಲಗೆಯಲ್ಲಿ ಇನ್ನೂ ಇದೆ.

1982ರ ಬೇಸಿಗೆಯಲ್ಲಿ ಊರಿನ ಒಂದು ದೊಡ್ಡ ಮನೆಯ ಯಜಮಾನರು ಆಚಾರ್ರ ಅಂಗಳಕ್ಕೆ ಬಂದರು. ನಾನೂ ಅಲ್ಲೇ ಇದ್ದೆ. ಬನವನ್ನು ಚೊಕ್ಕಟ ಮಾಡಿಸಿ, ಸಿಮೆಂಟಿನ ಕಟ್ಟೆ ಕಟ್ಟಿಸಿ, ಐದು ಹೆಡೆಯ ದೊಡ್ಡ ನಾಗನನ್ನೂ ಸುತ್ತ ನಾಲ್ಕು ಸಣ್ಣ ಕಲ್ಲುಗಳನ್ನೂ ಕೂರಿಸಬೇಕೆಂದು ಅವರ ಮನಸ್ಸು. ಒಟ್ಟು ಒಂದು ಸಾವಿರ ರೂಪಾಯಿಯ ಕೆಲಸ. ಮುನ್ನೂರು ಮುಂಗಡ ಕೈಯಲ್ಲೇ ಹಿಡಿದು ಬಂದಿದ್ದರು. ಆಚಾರ್ರು ಅಷ್ಟು ಹಣ ಒಟ್ಟಿಗೆ ಕಂಡದ್ದು ನಮ್ಮ ಸಾಲದ ದಿನ ಮಾತ್ರ.

“ಮರಗಳು?” ಎಂದು ಆಚಾರ್ರು ಕೇಳಿದರು.

“ತೆಗೆಸುವುದು. ಎಲೆ ಬಿದ್ದು ಗಲೀಜು. ಪೂಜೆಗೆ ಬಂದವರು ಕೂತುಕೊಳ್ಳುವುದು ಬೇಡವೇ?”

ಆಚಾರ್ರು ಬಹಳ ಹೊತ್ತು ಮಾತಾಡಲಿಲ್ಲ. ಉಳಿಯ ತುದಿಯನ್ನು ಹೆಬ್ಬೆರಳಿನಲ್ಲಿ ಸವರುತ್ತ ಕುಳಿತರು. ಆಮೇಲೆ ಎದ್ದು ನಿಂತು ಹೇಳಿದರು: “ಧಣಿಗಳೇ, ಕಲ್ಲು ಗುರುತಿಗೆ ಮಾತ್ರ. ಇದು ನಾಗನ ಮನೆ, ಜಾಗ್ರತೆ ಅಂತ ಹೇಳ್ಲಿಕ್ಕೆ ಹಿರಿಯರು ಇಟ್ಟದ್ದು. ಮನೆಯನ್ನೇ ತೆಗೆದ ಮೇಲೆ ಬೋರ್ಡು ಯಾಕೆ? ಮರ ಉಳಿಸುವುದಾದರೆ ಅರ್ಧ ಕ್ರಯಕ್ಕೆ ಮಾಡಿಕೊಡ್ತೇನೆ. ತೆಗೆಸುವುದಾದರೆ ನನ್ನಿಂದ ಆಗುವುದಿಲ್ಲ. ಬೇಜಾರು ಮಾಡ್ಕೊಳ್ಬೇಡಿ.”

ಯಜಮಾನರು ಬೇಜಾರು ಮಾಡಿಕೊಂಡೇ ಹೋದರು. ಕಲ್ಲು ಬೇರೆ ಕಡೆಯಿಂದ ಬಂತು. ಮರಗಳು ಉರುಳಿದವು. ಕಟ್ಟೆ ಆಯಿತು. ಆ ಮನೆಯವರಿಂದಲೂ ಅವರ ನೆಂಟರಿಷ್ಟರಿಂದಲೂ ಆಚಾರ್ರಿಗೆ ಮತ್ತೆ ಕೆಲಸ ಬರಲಿಲ್ಲ. ಆ ವರ್ಷವೇ ಅವರ ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. ಅಂಗಳದಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅವರ ಹೆಂಡತಿ ಏನೂ ಅನ್ನಲಿಲ್ಲ. ಆ ರಾತ್ರಿ ಮಾತ್ರ ಅವರ ಮನೆಯಿಂದ ಒಲೆಯ ಹೊಗೆ ತಡವಾಗಿ ಎದ್ದಿತು. ಕಂತು ತಪ್ಪಲಿಲ್ಲ; ಎರಡು ಮರಿಗೆ, ಏಳು ಕಡೆಯುವ ಕಲ್ಲು ಹೆಚ್ಚು ಮಾಡಿದರು. ಮದುವೆ ಒಂದು ವರ್ಷ ಮುಂದೆ ಹೋಯಿತು.

ಅದೇ ಮಳೆಗಾಲಕ್ಕೆ ಮೊದಲು ಒಬ್ಬರು ಅಜ್ಜಿ ಬಂದರು. ಅವರ ಬನದ ಮೇಲೆ ಗಾಳಿಗೆ ಕೊಂಬೆ ಬಿದ್ದು ನಾಗನ ಕಲ್ಲು ಒಡೆದಿತ್ತು. ಕೈಯಲ್ಲಿ ಇದ್ದದ್ದು ನಲವತ್ತು ರೂಪಾಯಿ. “ಕೊಂಬೆ ಬಿತ್ತು ಅಂತ ಮರ ಕಡಿಸಿದಿರಾ ಅಮ್ಮಾ?” ಎಂದು ಕೇಳಿದರು. “ಅಯ್ಯೋ, ಬನದ ಮರ ಕಡಿಯುವುದುಂಟಾ?” ಎಂದರು ಅಜ್ಜಿ. ಆಚಾರ್ರು ಇಟ್ಟುಕೊಂಡಿದ್ದ ಒಳ್ಳೆಯ ಕಲ್ಲೊಂದನ್ನು ತೆಗೆದರು. ನಾಗರ ಪಂಚಮಿಯ ಹೊತ್ತಿಗೆ ಅದು ಅಜ್ಜಿಯ ಬನ ಸೇರಿತು.

1983ರಲ್ಲಿ ನನಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಆಚಾರ್ರು ಹಳೆ ಗೋಣಿಯಲ್ಲಿ ಸುತ್ತಿದ ಒಂದು ಕಲ್ಲಿನ ಬಟ್ಟಲು ತಂದುಕೊಟ್ಟರು. ಅಂಗೈ ಅಗಲಕ್ಕಿಂತ ತುಸು ದೊಡ್ಡದು, ಎರಡು ಬೆರಳು ಆಳ. “ನಿಮ್ಮ ಊರಲ್ಲಿ ನೀರು ಕಡಿಮೆ ಅಂತ ಹೇಳ್ತಿದ್ದಿರಿ. ಹಕ್ಕಿಗಳಿಗೆ ಇಡಿ” ಎಂದರು. ದುಡ್ಡು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡರು.

ಮತ್ತೆ ಆ ಊರಿಗೆ ಹೋದದ್ದು ನಿವೃತ್ತಿಯ ನಂತರ, 2014ರಲ್ಲಿ. ಆಚಾರ್ರು ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಕೆಮ್ಮು, ಏದುಸಿರು ಜಾಸ್ತಿಯಾಗಿತ್ತಂತೆ. ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್ ಎಂಬ ಕಾಯಿಲೆಯ ಬಗ್ಗೆ ಈಗ ಎಲ್ಲರೂ ಓದುತ್ತೇವೆ. ಒಮ್ಮೆ ಆದ ಹಾನಿ ಸರಿಹೋಗುವುದಿಲ್ಲ. ಅವರಿಗಿದ್ದ ರಕ್ಷಣೆ ಗಾಳಿಗೆ ಬೆನ್ನು ಹಾಕುವುದು, ಬೈರಾಸು ಕಟ್ಟಿಕೊಳ್ಳುವುದು ಇಷ್ಟೇ. ಮಗ ಅದೇ ಕಸುಬಿನಲ್ಲಿದ್ದಾನೆ. ಕರೆಂಟಿನ ಕಟ್ಟರು ಬಂದಿದೆ. ಉಳಿಗಿಂತ ಅದರಲ್ಲಿ ಹುಡಿ ಬಹಳ ಹೆಚ್ಚು. ಅವನು ಮುಖಕ್ಕೆ ಮಾಸ್ಕ್ ಹಾಕಿ, ಕಲ್ಲಿಗೆ ನೀರು ಬಿಟ್ಟುಕೊಂಡು ಕೊಯ್ಯುತ್ತಿದ್ದ. ಮಿಕ್ಸಿ, ಗ್ರೈಂಡರು ಬಂದ ಮೇಲೆ ಕಡೆಯುವ ಕಲ್ಲು ಕೇಳುವವರಿಲ್ಲ. “ಈಗ ಬೋರ್ಡು ಕೆತ್ತುವುದೇ ಜಾಸ್ತಿ ಸರ್. ಮನೆ ಹೆಸರು, ಅಂಗಡಿ ಹೆಸರು” ಎಂದ. ನನಗೆ ನಗು ಬಂತು. ಯಾಕೆಂದು ಅವನಿಗೆ ಹೇಳಿದಾಗ ಅವನೂ ನಕ್ಕ. “ಅಪ್ಪ ನಮಗೂ ಹಾಗೇ ಹೇಳ್ತಿದ್ದರು” ಎಂದ.

ಅವನೇ ಎರಡೂ ಬನಗಳಿಗೆ ಕರೆದುಕೊಂಡು ಹೋದ. ಸಿಮೆಂಟಿನ ಬನಕ್ಕೆ ಈಗ ನುಣುಪಾದ ಗ್ರಾನೈಟ್ ಹಾಸಿದ್ದಾರೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆ. ಬರಿಗಾಲಿನಲ್ಲಿ ನಿಲ್ಲಲಾಗದೆ ಇಬ್ಬರೂ ಕಾಲು ಬದಲಾಯಿಸುತ್ತ ಕೈ ಮುಗಿದೆವು. ಬಿಸಿಲು ತಡೆಯಲು ತಗಡಿನ ಮಾಡು ಹಾಕಿಸುವ ಯೋಚನೆ ಇದೆಯಂತೆ. ಅಜ್ಜಿಯ ಬನಕ್ಕೆ ಬಂದರೆ ಅದೇ ಹನ್ನೊಂದು ಗಂಟೆಗೆ ಮೈ ತಂಪಾಯಿತು. ನೆಲದ ಮೇಲೆ ಗೇಣುದ್ದ ಎಲೆಯ ಹಾಸು, ಕೆಳಗೆ ಒದ್ದೆ ಮಣ್ಣು. ಬಿದ್ದ ರೆಂಜೆ ಹೂವಿನ ಪರಿಮಳ. ಪಕ್ಕದ ಬಾವಿಯಲ್ಲಿ ಬಗ್ಗಿ ನೋಡಿದೆ, ನೀರಿತ್ತು. ಒಂದು ಬನಕ್ಕೂ ಒಂದು ಬಾವಿಗೂ ನೇರವಾಗಿ ಲೆಕ್ಕ ಜೋಡಿಸುವುದು ಸರಿಯಲ್ಲ ಎಂದು ಲೆಕ್ಕದವನಾದ ನನಗೆ ಗೊತ್ತು. ಆದರೆ ಎಲೆಯ ಹಾಸಿನ ಮೇಲೆ ಬಿದ್ದ ಮಳೆ ಇಂಗುತ್ತದೆ, ಗ್ರಾನೈಟಿನ ಮೇಲೆ ಬಿದ್ದದ್ದು ಹರಿದು ಹೋಗುತ್ತದೆ ಎನ್ನಲು ಬಿಕಾಂ ಬೇಕಾಗಿಲ್ಲ.

ಆಚಾರ್ರ ಕಲ್ಲು ಅಲ್ಲೇ ಇತ್ತು. ಹೆಡೆಯ ಪಟ್ಟಿಗಳ ನಡುವೆ ಪಾಚಿ ಬೆಳೆದು ಅರ್ಧ ಮುಚ್ಚಿಹೋಗಿತ್ತು. ತಿಕ್ಕಿ ಸ್ವಚ್ಛ ಮಾಡಲೇ ಎಂದೆ. ಮಗ ಬೇಡವೆಂದ. ಮರದ ಹಿಂದೆ ಏನೋ ಸರಿದ ಸದ್ದಾಯಿತು. ಇಬ್ಬರೂ ದೂರ ಬಂದು ನಿಂತೆವು.

ಆ ಬಟ್ಟಲು ಈಗ ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿದೆ. ಬೇಸಿಗೆ ರಜೆಗೆ ಬಂದಾಗ ಅದಕ್ಕೆ ನೀರು ತುಂಬುವುದು ಮೊಮ್ಮಗಳ ಕೆಲಸ. ಈ ಸಲ ತೊಳೆಯುವಾಗ ಕೇಳಿದಳು: “ತಾತಾ, ಹೊರಗೆಲ್ಲ ಇಷ್ಟು ನಯ ಇದೆ. ಒಳಗೆ ಮಾತ್ರ ಯಾಕೆ ಒರಟಾಗಿ ಬಿಟ್ಟಿದ್ದಾರೆ? ಅರ್ಧಕ್ಕೇ ನಿಲ್ಲಿಸಿಬಿಟ್ಟರಾ?”

ನಾನು ಉತ್ತರ ಹೇಳಲಿಲ್ಲ. ಬಾಗಿಲ ಹಿಂದೆ ಕುಳಿತು ನೋಡು ಎಂದೆ. ಕಾಲು ಗಂಟೆಯಲ್ಲಿ ಒಂದು ಪಿಕಳಾರ ಬಂತು. ಅಂಚಿನ ಮೇಲೆ ಕುಳಿತು ಅತ್ತಿತ್ತ ನೋಡಿತು. ಮೆಲ್ಲಗೆ ಒಳಗಿನ ಇಳಿಜಾರಿಗೆ ಕಾಲಿಟ್ಟು, ಬಗ್ಗಿ ನೀರು ಕುಡಿಯಿತು.

“ಜಾರಲಿಲ್ಲ!” ಎಂದು ಮೊಮ್ಮಗಳು ಪಿಸುಗುಟ್ಟಿದಳು.